ಮೆಟ್ಟಿಲ ಲೆಕ್ಕ

ದೊಡ್ಡವರಿಗೆ ಹತ್ತು ಜ್ಲೋಟಿ, ಮಕ್ಕಳಿಗೆ ಆರು,
ಅಪ್ಪನ ಹೆಗಲ ಮೇಲಿದ್ದರೆ ಪುಕ್ಕಟೆ.
ಕೊನೆಯದು ನನ್ನ ಕಾನೂನು, ಫಲಕದಲ್ಲಿ ಬರೆದಿಲ್ಲ.

ಬಾಲ್ಟಿಕ್ ದಂಡೆಯ ಈ ಊರಲ್ಲಿ
ಬೇಸಿಗೆಯೆಂದರೆ ಎಂಟು ವಾರ,
ಅದರಲ್ಲಿ ಮೂರು ಮಳೆಯ ಪಾಲು.
ಬಿಸಿಲಿದ್ದ ದಿನ ಎಲ್ಲರೂ ಮರಳ ಮೇಲೆ,
ಗಾಳಿಗೆ ಅಡ್ಡಲಾಗಿ ಪಟ್ಟೆಪಟ್ಟೆ ಬಟ್ಟೆ ನೆಟ್ಟು
ಸಂಸಾರಕ್ಕೊಂದು ಚೌಕ ರಾಜ್ಯ.
ಮೋಡ ಕವಿಯಿತೋ, ನನ್ನ ನೆನಪಾಗುತ್ತದೆ.
ಅಷ್ಟರಲ್ಲಿ ಸೀಲುಗಳ ಊಟ ನೋಡಿಯಾಗಿರುತ್ತದೆ,
ತಲೆಕೆಳಗಾದ ಮನೆಯಲ್ಲಿ ತಲೆ ಸುತ್ತಿಸಿಕೊಂಡಾಗಿರುತ್ತದೆ,
ಪುಟಾಣಿ ರೈಲಿನ ಕೊನೆಯ ಡಬ್ಬಿಯಲ್ಲಿ ಕೂತು
ಪೈನ್ ತೋಪಿಗೆ ಕೈಬೀಸಿಯಾಗಿರುತ್ತದೆ,
ಅಂಬರಿನೊಳಗೆ ಸಿಕ್ಕು ಸತ್ತ ಸೊಳ್ಳೆಗೂ
ದುಡ್ಡು ತೆತ್ತಾಗಿರುತ್ತದೆ.
ಇನ್ನುಳಿದದ್ದು ದೀಪಸ್ತಂಭ.

"ಎಷ್ಟು ಮೆಟ್ಟಿಲು?"
ಎಲ್ಲರದೂ ಅದೇ ಪ್ರಶ್ನೆ.
"ಎಣಿಸಿ ಬಂದು ನನಗೇ ಹೇಳಿ" ಅನ್ನುತ್ತೇನೆ,
ಹಳೆ ಕ್ಯಾಲೆಂಡರಿನ ಬೆನ್ನಿಗೆ ಬರೆದಿಡುತ್ತೇನೆ.
ಪೋಜ್ನಾನಿನ ಗಣಿತದ ಮೇಷ್ಟ್ರು: ಇನ್ನೂರ ಹದಿಮೂರು.
ಅವರ ಮಗಳು: ಇನ್ನೂರ ಎಂಟು.
ಕಾರು ಹತ್ತುವ ತನಕ ಜಗಳ ಕೇಳಿಸುತ್ತಿತ್ತು.
ಒಬ್ಬ ಅಜ್ಜಿ ನಲವತ್ತಕ್ಕೆ ಕೂತುಬಿಟ್ಟಳು,
ಕಿಟಕಿಯಲ್ಲಿ ಒಂದು ಅಂಗೈ ಕಡಲು ಕಂಡಿತಂತೆ,
"ನನಗೆ ಇಷ್ಟು ಸಾಕು, ಮಿಕ್ಕದ್ದು ಮೊಮ್ಮಕ್ಕಳಿಗೆ."
ಏಳರ ತನಕ ಮಾತ್ರ ಬರುತ್ತಿದ್ದ ಮಗುವೊಂದು
ತುಂಬ ಯೋಚಿಸಿ ಹೇಳಿತು:
"ಏಳು. ಬಹಳ ಸಲ."
ಅದೇ ಸರಿಯಿದ್ದೀತು.

ನಾನು ಹತ್ತಿದ್ದು ಒಂದೇ ಸಲ,
ಕೆಲಸಕ್ಕೆ ಸೇರಿದ ದಿನ, ಹತ್ತೊಂಬತ್ತು ವರ್ಷದ ಹಿಂದೆ.
ಮೊಣಕಾಲಿಗೆ ನೆನಪಿದೆ, ತಲೆಗಿಲ್ಲ.

ಜುಲೈ ನಡುವೆ ಬಂದು ನಿಂತ ಓಸ್ತಾಪ್.
ಒಂಬತ್ತೋ ಹತ್ತೋ ವರ್ಷ.
ಕೈಯಲ್ಲಿ ಬಕೆಟ್ಟಿಲ್ಲ, ಕಿವಿಯಲ್ಲಿ ಮರಳಿಲ್ಲ,
ಮೂಗಿನ ಸಿಪ್ಪೆ ಬಿಸಿಲಿಗೆ ಎದ್ದಿಲ್ಲ.
ರಜೆಗೆ ಬಂದವನಲ್ಲ ಅಂತ ತಿಳಿಯಲು ಇನ್ನೇನು ಬೇಕು?
ಅವನಮ್ಮ ಸೊಲೋಮಿಯಾ ಎದುರಿನ ಗೂಡಂಗಡಿಯಲ್ಲಿ
ಬೆಳಗಿನ ಹತ್ತರಿಂದ ರಾತ್ರಿ ಹತ್ತರ ತನಕ ವಾಫಲ್ ಸುಡುತ್ತಾಳೆ,
ಹುಬ್ಬಿನ ಮೇಲೂ ಸಕ್ಕರೆ ಪುಡಿ.

ನನ್ನ ಕಾನೂನು ಅವನ ಕಿವಿಗೆ ಬಿದ್ದಿತ್ತು.
"ಅಪ್ಪ ದೂರ ಇದ್ದರೆ?" ಕೇಳಿದ.
ಟಿಕೆಟ್ಟು ಹರಿದೆ,
ದುಡ್ಡಿನ ಡಬ್ಬಿ ತೆರೆಯಲಿಲ್ಲ.

ಅಲ್ಲಿಂದ ದಿನಾ ಬಂದ, ಬಿಸಿಲಿರಲಿ ಮಳೆಯಿರಲಿ.
ಹತ್ತುವಾಗ ತನ್ನ ಭಾಷೆಯಲ್ಲಿ ಎಣಿಸುತ್ತಾನೆ,
ಇಳಿಯುವಾಗ ನಮ್ಮದರಲ್ಲಿ.
ಮೇಲಕ್ಕೆ ಇನ್ನೂರ ಹದಿಮೂರು, ಕೆಳಕ್ಕೆ ಇನ್ನೂರ ಹನ್ನೊಂದು.
"ನಿಮ್ಮ ಭಾಷೆ ಸ್ವಲ್ಪ ಕುಳ್ಳು, ಬ್ರೊಂಕಾ."
ವಾರ ಕಳೆದರೂ ಆ ಎರಡು ಮೆಟ್ಟಿಲು ಸಿಗಲಿಲ್ಲ.

ಒಂದು ದಿನ ಕೆಂಪು ರೇನ್‌ಕೋಟಿನ ಹುಡುಗಿ
ದಡದಡ ಇಳಿದು ಬಂದು ಚಾಡಿ ಹೇಳಿದಳು:
"ಮೇಲಿರೋ ಹುಡುಗ ತಪ್ಪು ಕಡೆ ನೋಡ್ತಿದಾನೆ!
ಕಡಲು ಈ ಕಡೆ ಇದೆ,
ಅವನು ಬರೀ ರಸ್ತೆ ನೋಡ್ತಾನೆ."
"ಅವನಿಗೆ ಕಡಲು ಗೊತ್ತು ಬಿಡು" ಅಂದೆ.
ನನಗೇ ಗೊತ್ತಿತ್ತೇ, ಏನು ಅಂದೆನೆಂದು?

ಆಗಸ್ಟ್ ಮುಗಿಯಿತು. ಬಟ್ಟೆಯ ಗೋಡೆಗಳು ಸುರುಳಿಯಾದವು.
ರೈಲಿನ ಮೇಲೆ ಟಾರ್ಪಾಲು.
ಸೀಲುಗಳಿಗೇನು, ಜನ ಇರಲಿ ಬಿಡಲಿ, ಮೀನು ಬಂದರಾಯಿತು.
ಕಡೆಯ ದಿನ ಓಸ್ತಾಪ್ ಏದುಸಿರು ಬಿಡುತ್ತ ಇಳಿದ:
"ಇನ್ನೂರ ಹದಿನಾಲ್ಕು!"
"ಯಾವ ಭಾಷೆಯಲ್ಲಿ?"
"ಎರಡರಲ್ಲೂ."
ಬಾಗಿಲಾಚೆ ಬೆರಳು ತೋರಿಸಿದ, ಬರೀ ಮರಳು ಅಲ್ಲಿ.
"ಅದರ ಕೆಳಗೆ ಒಂದಿದೆ. ಕಾಲಿಗೆ ತಗುಲಿತು."
ಬರೆದುಕೊಂಡೆ, ನಂಬಲಿಲ್ಲ.

ಸಂಜೆ ವಾಫಲ್ ಗೂಡಿನ ಬಾಗಿಲು ಮುಚ್ಚಿತ್ತು,
ಬಸ್ಸು ಹೋಗಿಯಾಗಿತ್ತು.
ಬೀಗ ಹಾಕಿ, ಪೊರಕೆ ತಂದು ಗುಡಿಸಿದೆ.
ಇತ್ತು. ಕಲ್ಲಿನದು, ಒಂದು ಮೂಲೆ ಮುರಿದದ್ದು.
ಹತ್ತೊಂಬತ್ತು ವರ್ಷ ದಾಟಿದ್ದೇನೆ ಅದನ್ನು,
ತುಳಿದದ್ದೇ ಇಲ್ಲ.
ಬೆಳಗಾಗುವುದರೊಳಗೆ ಗಾಳಿ ಮತ್ತೆ ಮುಚ್ಚಿಹಾಕಿತ್ತು.

ಬರುವ ಬೇಸಿಗೆಗೆ ದರದ ಫಲಕದಲ್ಲಿ
ಒಂದು ಸಾಲು ಸೇರಿಸಬೇಕೆಂದಿದ್ದೇನೆ.
ಬಣ್ಣದ ಡಬ್ಬಿ ಒಣಗಿ ಕೂತಿದೆ.