ಮಹಾಪ್ರಾಣ

ಮೊದಲನೆಯ ಸಲ, ಲೋಕಲ್ಲು ಚೂನಾಭಟ್ಟಿ ದಾಟುವಾಗ.
ಹೆಂಗಸರ ಡಬ್ಬಿ, ನಾಲ್ಕನೇ ಸೀಟಿನ ತುದಿ,
ಬಲ ಹೆಗಲಿಗೆ ದಬ್ಬಣ ಇಳಿದ ಹಾಗೆ.
ಪಕ್ಕದವಳ ಮೊಣಕೈ ಎಂದುಕೊಂಡು
ದುರುಗುಟ್ಟಿ ನೋಡಿದೆ.
ಪಾಪ, ಅವಳು ತಲೆ ತಗ್ಗಿಸಿ ಬಟಾಣಿ ಸುಲಿಯುತ್ತಿದ್ದಳು.

ಆ ದಿನ ವಡಾಲಾದ ಶಾಲೆಯಲ್ಲಿ ವರ್ಗೀಯ ವ್ಯಂಜನ.
ಕ ಆಯಿತು. ಖ ಬರಲಿಲ್ಲ.
ಬೋರ್ಡಿನ ಮೇಲೆ ಬರೆದು, ಕೋಲಿಟ್ಟು, ಬಾಯಿ ತೆರೆದೆ:
ಮತ್ತೆ ಕ.
ಯಾದಗಿರಿ ಕಡೆಯ ಗೌಂಡಿಗಳ ಮಕ್ಕಳು
ಕ ಕ ಗ ಗ ಎಂದು ಖುಷಿಯಾಗಿ ಕೂಗಿದರು.
ಅವರ ಮನೆಗಳಲ್ಲಿ ಎಂದಿನಿಂದಲೂ ಅಷ್ಟೇ ಅಕ್ಷರ;
ಟೀಚರು ಇವತ್ತು ದಾರಿಗೆ ಬಂದರು ಅಂದುಕೊಂಡಿರಬೇಕು.

ಸಾಯನ್ ಆಸ್ಪತ್ರೆಯಲ್ಲಿ ಎಕ್ಸ್‌ರೇ ಬೆಳಕಿಗೆ ಹಿಡಿದರು.
ಬಲಗಡೆ ಬರೀ ಕಪ್ಪು ಬಯಲು.
ಮೂಲೆಯಲ್ಲಿ ಹಿಂಡಿ ಎಸೆದ ಕರವಸ್ತ್ರದಂಥದು
ನನ್ನ ಶ್ವಾಸಕೋಶವಂತೆ.
ಪಕ್ಕೆಲುಬಿನ ಸಂದಿಯಲ್ಲಿ ನಳಿಗೆ ಇಳಿಸಿ
ಇನ್ನೊಂದು ತುದಿಯನ್ನು ಮಂಚದ ಕೆಳಗೆ
ಬಾಟಲಿಯ ನೀರಲ್ಲಿ ಮುಳುಗಿಸಿದರು.
ಕೆಮ್ಮಿದರೆ ಗುಳುಗುಳು, ಅತ್ತರೂ ಗುಳುಗುಳು.
ಪಡವಳ್ ಸಿಸ್ಟರ್ ಗಂಟೆಗೊಮ್ಮೆ ಬಂದು ಮರಾಠಿಯಲ್ಲಿ
ಶ್ವಾಸ ಘ್ಯಾ, ಧರಾ, ಆತಾ ಸೋಡಾ ಅನ್ನುವಳು.
ಅವಳು ಸೋಡಾ ಅಂದಾಗಲೆಲ್ಲ
ಬಾಟಲಿಯಲ್ಲಿ ನಿಜವಾಗಿಯೂ ಸೋಡಾ.
ನಗಬಾರದು, ಹೊಲಿಗೆ ಎಳೆಯುತ್ತದೆ.
ನಕ್ಕೆ.

ಎರಡನೆಯದು ಮಾನ್‌ಖುರ್ದಿನ ಮನೆಯಲ್ಲಿ,
ನಸುಕಿನ ನಾಲ್ಕೂವರೆಗೆ, ನಲ್ಲಿಯಲ್ಲಿ ನೀರು ಬಂದ ಹೊತ್ತು.
ಕೊಡ ಅರ್ಧವೂ ತುಂಬಿರಲಿಲ್ಲ.
ಮೂರನೆಯದಕ್ಕೆ ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಕೂತಿದ್ದೆ.
ಎತ್ತರದ ಸಣಕಲು ಹುಡುಗರಿಗೆ ಬರುವ ಕಾಯಿಲೆ ಇದು,
ಸಿಗರೇಟು ಸೇದುತ್ತೀರಾ ಎಂದು ಕೇಳಿದರು,
ಐದಡಿಯೂ ಇಲ್ಲದ ನನ್ನನ್ನು.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ
ಹಾಲಿನವನು ಬಾರದ ದಿನ ಸೊನ್ನೆ,
ಮುಟ್ಟಾದ ದಿನ ಚುಕ್ಕೆ.
ಮೂರು ಆಸ್ಪತ್ರೆ ಚೀಟಿಗಳನ್ನು ಪಕ್ಕಕ್ಕೆ ಹಿಡಿದು ನೋಡಿದೆ.
ಚುಕ್ಕೆ, ಮರುದಿನ ಸಾಯನ್.
ಚುಕ್ಕೆ, ಮರುದಿನ ಸಾಯನ್.
ಕ್ಯಾಲೆಂಡರನ್ನೇ ಮೊಳೆಯಿಂದ ಕಿತ್ತು ಸುರುಳಿ ಸುತ್ತಿ
ಡಾಕ್ಟರ ಮೇಜಿನ ಮೇಲೆ ಬಿಡಿಸಿಟ್ಟೆ.
ಹುಡುಗ ಡಾಕ್ಟರು ಬಹಳ ಹೊತ್ತು ನೋಡಿ
ಎದ್ದು ಹೋಗಿ ದೊಡ್ಡವರನ್ನು ಕರೆತಂದ.

ಗರ್ಭಕೋಶದ ಒಳಪದರ ದಾರಿ ತಪ್ಪಿ
ವಪೆ ದಾಟಿ ಎದೆಗೆ ಹತ್ತಿದೆಯಂತೆ;
ತಿಂಗಳಿಗೊಮ್ಮೆ ಅಲ್ಲಿಯೂ ಮುಟ್ಟು.
ಹೊರಗಾಗಿದ್ದಾಳೆ ಅನ್ನುತ್ತಿದ್ದಳು ಅಜ್ಜಿ,
ಮೂರು ದಿನ ಮೂಲೆಯಲ್ಲಿ ಕೂರಿಸಿ.
ಈಗ ಉಸಿರೇ ಹೊರಗಾಗಿ
ಮೂಲೆಯಲ್ಲಿ ಕೂತಿತ್ತು.

ನಮ್ಮ ಚಾಳಿನ ಹುಡುಗರು ಕೇರಂ ಬೋರ್ಡಿಗೆ
ಮುಖದ ಪೌಡರು ಉದುರಿಸುತ್ತಾರೆ, ಕಾಯಿ ಜಾರಲೆಂದು.
ಅದೇ ಜಾತಿಯ ಪುಡಿಯನ್ನು ನನ್ನ ಎದೆಯೊಳಗೆ ಉದುರಿಸಿದರು
ಜಾರದಿರಲೆಂದು.
ಅಂಟಿಕೊಳ್ಳುವಾಗ ಉರಿದ ಉರಿಗೆ
ಮೂರು ಭಾಷೆಯ ಬೈಗುಳವೂ ಸಾಲಲಿಲ್ಲ.

ಆಮೇಲೆ ಪ್ಲಾಸ್ಟಿಕ್ಕಿನ ಆಟಿಕೆ, ಮೂರು ಗೋಲಿ.
ಎಳೆದುಕೊಂಡರೆ ಮೇಲೇಳಬೇಕು.
ಹೋಳಿಗೆ ಒಂದು ಎದ್ದಿತು, ಯುಗಾದಿಯ ಹೊತ್ತಿಗೆ ಎರಡು.
ಮೂರನೆಯದು ಇನ್ನೂ ಮಲಗಿದೆ,
ನಾನು ಅದನ್ನು ಹೆಚ್ಚು ಬೈಯುವುದಿಲ್ಲ.
ಮಾತ್ರೆಯಿಂದ ಮುಟ್ಟು ನಿಂತಿದೆ, ಕ್ಯಾಲೆಂಡರು ಬೋಳು.
ಆದರೂ ಇಪ್ಪತ್ತೆಂಟನೆಯ ರಾತ್ರಿ
ಕೈ ತಾನಾಗಿ ಪಕ್ಕೆಗೆ ಹೋಗಿ ಕಾವಲು ಕೂರುತ್ತದೆ.
ಕೊನೆಯ ಲೋಕಲ್ಲು ಹೋದ ಮೇಲೆ
ಒಳಗಿನ ಸಪ್ಪಳ ಕೇಳುವಷ್ಟು ಮೌನ ಈ ಊರಿನಲ್ಲಿಯೂ ಇದೆ,
ಅದು ನನಗೆ ಮೊದಲು ಗೊತ್ತಿರಲಿಲ್ಲ.

ಜೂನಿನಲ್ಲಿ ಶಾಲೆ. ಬ್ಯಾಗು ಎಡ ಹೆಗಲಿಗೆ.
ಭಾಗಮ್ಮ ತನ್ನ ಹೆಸರನ್ನು ಬಾಗಮ್ಮ ಎಂದು ಬರೆದು ತಂದಳು.
ಅವಳ ಅಂಗೈ ನನ್ನ ಬಾಯಿಯ ಮುಂದೆ ಹಿಡಿದು
ಬ ಅಂದೆ. ನಿಂತು, ತುಂಬಿಕೊಂಡು, ಭ ಅಂದೆ.
ಗಾಳಿ ತಾಗಿತೇನೇ?
ಏನೂ ಹತ್ತಲಿಲ್ರಿ ಟೀಚರ್.
ಮತ್ತೊಮ್ಮೆ.
ಈಗ ಜರಾ ಹತ್ತಿತ್ರಿ, ಬಿಸಿ.

ಬ ಅಕ್ಷರದ ಕೆಳಗೆ ಗೀಟು ಹಾಕಿಕೋ ಅಂದೆ.
ಪೆನ್ಸಿಲು ಒತ್ತಿದಳು, ಹಾಳೆ ಸ್ವಲ್ಪ ಹರಿಯಿತು.
ಅಂಥವೇ ಮೂರು ಗೀಟು ನನ್ನ ಬಲ ಪಕ್ಕೆಯಲ್ಲಿವೆ, ಅವಳಿಗೆ ಹೇಳಲಿಲ್ಲ.
ಇರಲಿ, ಅಳಿಸಬೇಡ ಅಂದೆ.