ಸಬ್ಜೆಕ್ಟು ಜವರಯ್ಯ

ಕೂತ್ಕೊ ಕನವ್ವ. ಮೊದ್ಲು ಸ್ಟಾಪ್‌ವಾಚಿಗೆ ಕೀ ಕೊಡು.
ನಿನ್ನ ಸಬ್ಜೆಕ್ಟು ಬರಲಿಲ್ವ? ಬರಲ್ಲ ಬುಡು,
ಮಳೆ ಬಂದ್ರೂ ಬರಲ್ಲ, ಮ್ಯಾಚಿದ್ರೂ ಬರಲ್ಲ.
ಸರಸ್ವತಿಪುರದ ಈ ಕಾಲೇಜಲ್ಲಿ
ಮೂವತ್ತೊಂದು ವರ್ಸದಿಂದ
ಬರದೆ ಇದ್ದೋರ ಜಾಗದಲ್ಲಿ ನಾನೇ ಕೂತಿವ್ನಿ.
ರೆಕಾರ್ಡಲ್ಲಿ ನನ್ನೆಸ್ರು ಜೆ. ಅಷ್ಟೆ.
ವಯಸ್ಸು ಅವ್ರಿಗೆ ಬೇಕಾದಷ್ಟು;
ಒಂದು ವರ್ಸ ನಾನು ಹತ್ತೊಂಬತ್ತರ ಹುಡ್ಗಿ ಆಗಿದ್ದೆ.

ಆ ಬೀರು ಮೇಲಿರೋದು ಪ್ಲಾಸ್ಟಿಕ್ ಮಿದುಳು.
ಎಂಟು ತುಂಡು, ಒಂದು ಕಳ್ದೋಗದೆ:
ಹಿಂದಲೆ ಕೆಳಗಿಂದು, ಹೂಕೋಸಿನಂಥದ್ದು,
ಬೀಳದಂಗೆ ನಿಲ್ಲಕ್ಕೆ ಬೇಕಾದ್ದಂತೆ.
ಅದಿಲ್ದೇನೂ ಬೀರು ಮೇಲೆ ಚೆನ್ನಾಗೇ ನಿಂತದೆ.

ಎಡಗಡೆ, ಹುಬ್ಬು ಮುಗಿಯೋ ಕಡೆ, ಈ ಕೆಂಪು ಬಣ್ಣ ನೋಡು.
'ಮಾತು ಕಟ್ಟೋ ಜಾಗ' ಅಂತ ಮೇಡಮ್ಮು ತೋರ್ಸಿದಾಗ
ಚಾಕ್‌ಪೀಸು ಕೊಡ್ತಿದ್ದ ನನ್ನ ಕೈ ಅಲ್ಲೇ ನಿಂತೋಯ್ತು.
ಕಿರುಗಾವಲಲ್ಲಿ ನಮ್ಮವ್ವಂಗೆ ಲಕ್ವ ಹೊಡ್ದು
ಎಲ್ಲ ಮಾತು ಹೋಗಿ ಒಂದೇ ಉಳಿದಿತ್ತು:
'ಬತ್ತೀನಿ'.
ನೀರಿಗೆ ಬತ್ತೀನಿ. ಹಸಿವಿಗೆ ಬತ್ತೀನಿ.
ನನ್ನ ಹೆಂಡ್ತಿ ಮೇಲೆ ಸಿಟ್ಟು ಬಂದ್ರೆ
ಬತ್ತೀನಿ ಬತ್ತೀನಿ ಬತ್ತೀನಿ.
ಊರೋರು ಗಾಳಿ ಅಂದ್ರು, ತಾಯತ ಕಟ್ಟುದ್ರು.
ಬೆರಳಗಲ ಕನವ್ವ.
ಈ ಬೀರುವಿನ ಬೀಗದ ಕೈಗಿಂತ ಚಿಕ್ಕದು.

ನಾನು ಎಡಚ. ಅವ್ವನೂ. ಮೊಮ್ಮಗಳು ತೇಜಾವತಿನೂ
ಚಮಚ ಎಡಗೈಲೇ ಹಿಡೀತಾಳೆ; ನಡುವೆ ಮಗ ಬಲಗೈ.
ರಕ್ತದಲ್ಲಿ ಬಂದದ್ದಾ, ಕಂಡು ಕಲ್ತದ್ದಾ?
ಪ್ರತಿ ವರ್ಸ ಹತ್ತು ಮಾರ್ಕ್ಸಿಗೆ ಬತ್ತದೆ ಈ ಪ್ರಶ್ನೆ.
ನಾನಾಗಿದ್ರೆ ಕಬ್ಬು ಬರೀತಿದ್ದೆ.
ಒಂದೇ ಜಲ್ಲೆ ಕಡ್ದು ನೆಟ್ಟ ತುಂಡು,
ಅವಳಿಜವಳಿಗಿಂತಲೂ ಒಂದೇ ಅವು;
ನಾಲೆ ತಲೇಲಿ ಆಳುದ್ದ,
ನಾಲೆ ಬಾಲದಲ್ಲಿ ಮೊಣಕಾಲುದ್ದ.
ಆದ್ರೆ ಎಷ್ಟು ನೀರು ಬುಟ್ರೂ
ಕಬ್ಬು ಬಾಳೆಗೊನೆ ಬುಡಲ್ಲ.
ಹತ್ತಕ್ಕೆ ಎಷ್ಟು ಹಾಕ್ತಿದ್ರೋ.

ಒಂದ್ಸಲ ಕಾಪಿ ಪ್ರಯೋಗ.
ಅರ್ಧ ಜನಕ್ಕೆ ಕಾಪಿಪುಡಿ, ಅರ್ಧ ಜನಕ್ಕೆ ಬರೀ ಚಿಕೋರಿ,
ಯಾರಿಗೆ ಲೆಕ್ಕ ಚುರುಕಾಗಿ ಬತ್ತದೆ ಅಂತ. ಕಾಯ್ಸಿದೋನು ನಾನು.
ಚಿಕೋರಿ ಲೋಟ ಕೊಡುವಾಗ ಪಾಪ ಅನ್ಸಿ
ಒಂದು ಚಮಚ ಸಕ್ಕರೆ ಜಾಸ್ತಿ ಹಾಕ್ಬುಟ್ಟೆ.
ಚಿಕೋರಿಯೋರೇ ಗೆದ್ರು.
ಮೇಡಮ್ಮು ಅರ್ಧ ಗಂಟೆ ತಲೆ ಕೆಡಿಸ್ಕೊಂಡು
ಆಮೇಲೆ ನನ್ನ ಮಖ ನೋಡುದ್ರು:
'ತಟ್ಟೆ ಹಿಡಿಯೋನಿಗೂ ಗೊತ್ತಿರಬಾರ್ದು ಜವರಯ್ಯ.'
ಸರಿ ಮೇಡಮ್. ಆದ್ರೆ ಪಾಪ ಅನ್ನಿಸಿದ್ದನ್ನ
ಯಾವ ಕಾಲಮ್ಮಲ್ಲಿ ಬರೆಯೋದು?

ಝುಪ, ಗೆಳ್ಮ, ತೊಯಿ, ರೀಕ್ಷ, ಮೂಡ್ಪ.
ಹೆದ್ರಬೇಡ. ಅರ್ಥ ಇಲ್ಲದ ಪದ ಇವು,
ತೊಂಬತ್ತಾರನೇ ಇಸವೀಲಿ
ಬೋಗಾದಿ ಕಡೆಯ ಹುಡ್ಗ ಒಬ್ಬ ಬಾಯಿಪಾಠ ಮಾಡ್ಸಿದ್ದು.
ಹೆಂಡ್ತಿ ಹೇಳಿದ ಸಾಮಾನು
ದೇವರಾಜ ಮಾರ್ಕೆಟ್ಟು ಮುಟ್ಟೋದ್ರೊಳಗೆ ಮರ್ತೋಯ್ತದೆ,
ಇವು ಹೋಗಲ್ಲ.
ಲಕ್ವ ಹೊಡೆದ ದಿನ ಬೆಳಿಗ್ಗೆ
ಬನ್ನೂರು ಬಸ್ಸಿಗೆ ಓಡ್ತಿದ್ದೆ, ಹಿಂದಿಂದ ಅವ್ವ ಏನೋ ಕೂಗುದ್ಲು.
ಪೂರ್ತಿ ವಾಕ್ಯ. ಕೊನೇದು.
ಕಿವಿಗೆ ಬಿತ್ತು, ಗಮನಕ್ಕೆ ಬೀಳಲಿಲ್ಲ.
ಒಳಗೇ ಹೋಗದೆ ಇದ್ದದ್ದು ನೆನಪಾಗೋದೆಂಗೆ ಅಂತ
ನಾಲ್ಕು ಜನ ಮೇಡಮ್ಮುಗಳ್ನ ಕೇಳಿವ್ನಿ.

ಸರಿ, ಕನ್ನಡಿ ನೆಟ್ಟಗಿಡು. ನಕ್ಷತ್ರದ ಹಾಳೆ ಅಂಟ್ಸು.
ಇದೇನು ಫಾರಮ್ಮು? ಒಪ್ಪಿಗೆ ಪತ್ರವಾ?
'ಯಾವಾಗ ಬೇಕಾದರೂ ಎದ್ದು ಹೋಗಬಹುದು.'
ಓಹೊ. ಇದ್ನ ನಂಗೆ ಯಾರೂ ಹೇಳೇ ಇರ್ಲಿಲ್ಲ.

ಕೇಳ್ದಲ್ಲ ನೀನು, ಅದಕ್ಕೆ ಹೇಳ್ತೀನಿ.
ಕನ್ನಡಿಲಿ ನೋಡ್ಕೊಂಡು ಈ ನಕ್ಷತ್ರ ತಿದ್ದೋದು
ನಂಗೆ ಯಾವತ್ತೋ ಕೈಗೆ ಹತ್ತೋಗದೆ.
ಮೊದಲ್ನೇ ಸರದಿಲಿ ಇಪ್ಪತ್ತು ತಪ್ಪು,
ಆಮೇಲೆ ಹದ್ನಾಕು, ಆಮೇಲೆ ಒಂಬತ್ತು,
ಎಲ್ಲ ಬೇಕಂತಲೇ ಮಾಡ್ತಿದ್ದೆ.
ಹುಡುಗ್ರ ಗ್ರಾಫು ಪುಸ್ತಕದಲ್ಲಿರೋ ಹಂಗೇ ಇಳೀಲಿ ಅಂತ.
ಇನ್ನೂರೋ ಮುನ್ನೂರೋ ರೆಕಾರ್ಡು. ಎಲ್ಲಾ ಪಾಸು.

ಇವತ್ತು ಹಂಗೆ ಮಾಡಲ್ಲ.
ಸೊನ್ನೆ ಬಂದ್ರೆ ಸೊನ್ನೇನೇ ಬರ್ಕೊ.
ನಿನ್ನ ಗೆರೆ ಮಲಗಿದಂಗೇ ಇರ್ತದೆ, ಇರ್ಲಿ,
ಮೇಡಮ್ಮು ಕೇಳಿದ್ರೆ ನನ್ನ ಪೂರ್ತಿ ಹೆಸ್ರು ಹೇಳು.
ಒತ್ತು ವಾಚು.