ನಿಲುವು ಫೋಟೊ

ಕ್ಯಾಮೆರಾ ಎದ್ದು ನಿಂತರೆ
ಫ್ಲ್ಯಾಶು ಮಗ್ಗುಲಿಗೆ ಮಲಗುತ್ತದೆ.
ಮದುಮಗಳ ಎಡಗಿವಿಯ ಪಕ್ಕ
ಸುಣ್ಣದ ಗೋಡೆಗೆ ಕರಿ ನೆರಳೊಂದು ಅಂಟಿ
"ಕರೀದೆ ಬಂದಾಕಿ ಯಾರದು?" ಅಂದಳು ಅತ್ತೆ.

ರಾಯಚೂರಿನ ತೀನ್ ಕಂದೀಲಿನ ಹಿಂದೆ
ವೆಲ್ಡಿಂಗ್ ಜಿಲಾನಿ
ಹಳೆ ಲೂನಾದ ಸ್ಟ್ಯಾಂಡು ಬಗ್ಗಿಸಿ ಬೆಸೆದು ಕೊಟ್ಟ ಬ್ರಾಕೆಟ್ಟು:
ಕ್ಯಾಮೆರಾ ಹೆಂಗ ಹೊರಳಿದರೂ
ಬೆಳಕು ನೆತ್ತಿ ಮೇಲೇ.
ಎಪ್ಪತ್ತು ರೂಪಾಯಿ, ಒಂದು ಚಹಾ.

ಟ್ರಿಗರ್ ಮಾತ್ರ ಅಗ್ಗದ್ದು ತಂದೆ.
ಹತ್ತಕ್ಕೊಮ್ಮೆ ಕಿವುಡು.
ಒತ್ತುತ್ತೇನೆ, ಬೆಳಕಿಲ್ಲ;
"ಇನ್ನೊಂದ್ಸಲ ರೀ" ಅನ್ನುತ್ತೇನೆ.

ಆ ನಡುವೆ
ಬಿಗಿಹಿಡಿದ ಉಸಿರು ಬಿಡುತ್ತಾರೆ,
ಹೆಗಲು ಇಳಿಯುತ್ತದೆ,
ಮುಖ ತನ್ನ ಮನೆಗೆ ಬಂದು ಕೂರುತ್ತದೆ.
ಆಗ ಒತ್ತುತ್ತೇನೆ.

ಒಳ್ಳೆಯ ಟ್ರಿಗರಿಗೆ ದುಡ್ಡು ಕೂಡಿದೆ ಈಗ.
ಅಂಗಡಿ ಮುಂದೆ
ಎರಡು ಸಲ ಹಾದುಹೋದೆ.